ಮೂರು ಪೆಟ್ಟಿಗೆ ಪಚ್ಚಿಲೆ

ಕೋಪನ್‌ಹೇಗನ್
2 ಮಾರ್ಚ್ 1986

ಮಗಾ,

ಗೆದ್ದೆವು ಕಣೋ!

ನಿನ್ನೆ ಪ್ರೊಫೆಸರ್ ಲುಂಡ್‌ಬಾಲೆ ತುಂಬಿದ ತರಗತಿಯಲ್ಲಿ ನನ್ನ ಹೆಸರು ಹಿಡಿದು ಕರೆದರು. ‘ಗ್ರೀನ್‌ಲ್ಯಾಂಡಿನ ಹುಡುಗಿ’ ಎಂದಲ್ಲ, ತಾಬಿತಾ ಎಂದು. ಮೂರು ವರ್ಷದಲ್ಲಿ ಇದೇ ಮೊದಲು. ಹಲಗೆಯ ಮೇಲೂ ಬರೆದರು. ಸತ್ತ ನಿನ್ನ ಅವ್ವನ ಹೆಸರು ನನಗಿಟ್ಟೆಯಲ್ಲ, ಅದು ಈಗ ಡೇನರ ಕರಿಹಲಗೆಯ ಮೇಲಿದೆ. ಅಪ್ಪ ನನ್ನನ್ನು ‘ಅವ್ವಾ’ ಎನ್ನುತ್ತಾನೆ, ನಾನು ಅಪ್ಪನನ್ನು ‘ಮಗಾ’ ಎನ್ನುತ್ತೇನೆ, ಸತ್ತವಳು ನನ್ನಲ್ಲಿ ಮರಳಿದ್ದಾಳೆ ಎಂದು ಇಲ್ಲಿಯವರಿಗೆ ಹೇಳಿ ಹೇಳಿ ಸಾಕಾಗಿದೆ. ನಗುತ್ತಾರೆ. ನಿನ್ನೆ ಮಾತ್ರ ಯಾರೂ ನಗಲಿಲ್ಲ.

ಆಗಸ್ಟಿನಲ್ಲಿ ಪ್ರೊಫೆಸರ್ ನಮ್ಮ ಮನೆಯಲ್ಲಿ ಎರಡು ದಿನ ಇದ್ದು ಹೋದಾಗ ಗಣಿಕೊಲ್ಲಿಯಿಂದ ನೀನು ತುಂಬಿಸಿ ಕೊಟ್ಟೆಯಲ್ಲ, ಮೂರು ಪೆಟ್ಟಿಗೆ ಪಚ್ಚಿಲೆ ಚಿಪ್ಪು, ಅದರ ಪರೀಕ್ಷೆ ಮುಗಿಯಿತು. ಹದಿಮೂರು ವರ್ಷದಿಂದ ಗಣಿಯವರು ಸೀಸದ ಕಸ, ಸತುವಿನ ಕಸ ಸುರಿದ ನೀರು ಅದು. ಅಲ್ಲಿನ ಚಿಪ್ಪಿನ ಮಾಂಸದಲ್ಲಿ ಸೀಸವೇ ತುಂಬಿರಬೇಕಿತ್ತು. ಇಲ್ಲ! ಶುದ್ಧ ನೀರಿನ ಚಿಪ್ಪಿನಲ್ಲಿ ಇರುವಷ್ಟೇ ಇದೆ. ಹಿಮದ ಕಡಲಿನ ಪಚ್ಚಿಲೆ ವಿಷವನ್ನು ಒಳಗೆ ಬಿಟ್ಟುಕೊಳ್ಳದೆ ಬದುಕಲು ಕಲಿತಿದೆ. ಪ್ರೊಫೆಸರ್ ಇದನ್ನು ‘ಹೊಂದಿಕೆ’ ಎಂದು ಕರೆದಿದ್ದಾರೆ. ನಮ್ಮ ಕಡಲು ಇವರು ಸುರಿದ ಹೊಲಸಿಗೂ ಬಗ್ಗಲಿಲ್ಲ ನೋಡು.

ಬೇಸಿಗೆಗೆ ಒಂದು ಕೆಲಸವಿದೆ. ಗಣಿಕೊಲ್ಲಿಯ ಇನ್ನೂರು ಚಿಪ್ಪು ಆಯ್ದು ಬಲೆಚೀಲಕ್ಕೆ ಹಾಕಿ ಹೊರಬಂಡೆಯ ಶುದ್ಧ ನೀರಿನಲ್ಲಿ ಇಳಿಬಿಡು. ಹೊರಬಂಡೆಯ ಇನ್ನೂರನ್ನು ಕೊಲ್ಲಿಯಲ್ಲಿ ಇಳಿಬಿಡು. ಯಾವುದು ಏನು ಮಾಡುತ್ತದೆ ನೋಡೋಣ.

ರೆಜಿನೆ ಅಕ್ಕನಿಗೆ ಹೇಳು, ಇನ್ನು ಅವಳು ಧೈರ್ಯವಾಗಿ ಮನೆಮುಂದಿನ ಚಿಪ್ಪು ಬೇಯಿಸಬಹುದು.

ನಿನ್ನ ಅವ್ವ,
ತಾಬಿತಾ

---

ಸಾರ್ಫಾರ್ಸುಕ್
20 ಏಪ್ರಿಲ್ 1986

ಅವ್ವಾ,

ಕಾಗದ ಹೆಲಿಕಾಪ್ಟರಿನಲ್ಲಿ ಬಂತು. ನಾವೆಲ್ಲ ಚೆನ್ನಾಗಿದ್ದೇವೆ. ಈ ಸಲ ಹಿಮ ಗಟ್ಟಿಯಾಗಿದೆ, ನಾಯಿಗಳ ಕಾಲು ಒಡೆದಿವೆ. ಎರಡು ಸೀಲ್ ಸಿಕ್ಕವು. ಮುದುಕಿ ಬಿರ್ಗಿತೆಗೆ ಸೀಲಿನ ಈಲಿಮಾಂಸ ಕಳಿಸಿದೆ. ನಿನ್ನ ಕಾಗದವನ್ನು ರೆಜಿನೆ ಇಡೀ ಊರಿಗೆ ಓದಿದಳು.

ಅಂಗಡಿಯ ಬಾಗಿಲಿಗೆ ಗಣಿಯವರು ಒಂದು ನೋಟೀಸು ಅಂಟಿಸಿದ್ದಾರೆ. ‘ಗಣಿಕೊಲ್ಲಿಯ ಚಿಪ್ಪು ತಿನ್ನಲು ಯೋಗ್ಯ.’ ಕೆಳಗೆ ನಿನ್ನ ಹೆಸರು. ಕಡಲಿಳಿತದ ಹೊತ್ತಿಗೆ ಕೊಲ್ಲಿಯ ಅಂಚಿನ ಹಿಮ ಬಾಯಿಬಿಟ್ಟಾಗ ಹೆಂಗಸರೆಲ್ಲ ಬಕೆಟ್ಟು ಹಿಡಿದು ಹೋಗುತ್ತಾರೆ.

ಬಲೆಚೀಲದ ಕೆಲಸಕ್ಕೆ ಈ ವರ್ಷ ಬಿಡುವಾಗುವುದೋ ಇಲ್ಲವೋ. ದೋಣಿಯ ಮೋಟಾರು ಸರಿಯಿಲ್ಲ. ಬೇರೆ ಯಾರಿಗಾದರೂ ಹೇಳಲಾಗುತ್ತದೆಯೇ?

ಅಲ್ಲಿ ಮಾಂಸ ಸಿಗುತ್ತದೆಯೇ? ಒಣಮೀನು ಕಳಿಸುತ್ತಿದ್ದೇನೆ.

ನಿನ್ನ ಮಗ,
ಪಾವಿಯಾ

---

ಕೋಪನ್‌ಹೇಗನ್
8 ಜೂನ್ 1986

ಮಗಾ,

ಮೋಟಾರು ಸರಿಯಿಲ್ಲವಂತೆ! ಅದನ್ನು ಕಣ್ಣುಮುಚ್ಚಿ ಬಿಚ್ಚಿ ಜೋಡಿಸುವವನು ನೀನು. ನೆಪ ಹೇಳಬೇಡ. ಬೇರೆಯವರಿಗೆ ಹೇಳುವುದಿಲ್ಲ. ನಮ್ಮ ಕೊಲ್ಲಿ, ನಮ್ಮ ಚಿಪ್ಪು, ನಮ್ಮ ಕೈ.

ಇನ್ನೊಂದು ಸಂಗತಿ. ಗಣಿ ಕಂಪನಿ ಹೊಳೆಯುವ ಕಾಗದದಲ್ಲಿ ಪುಸ್ತಿಕೆ ತಂದಿದೆ. ಮುಖಪುಟದಲ್ಲಿ ‘ಪ್ರಕೃತಿ ಹೊಂದಿಕೊಳ್ಳುತ್ತದೆ’ ಎಂಬ ಮಾತು, ಒಳಗೆ ನನ್ನ ಅಂಕಿಗಳು. ಬರುವ ವರ್ಷ ಪರವಾನಗಿಯ ವಿಚಾರಣೆ ಇದೆಯಲ್ಲ, ಇನ್ನೂ ಹತ್ತು ವರ್ಷ ಕೊಲ್ಲಿಗೇ ಸುರಿಯಲು ಇದೇ ಆಧಾರವಂತೆ. ನಮ್ಮ ವಿದ್ಯಾರ್ಥಿ ಸಂಘದ ಸಭೆಯಲ್ಲಿ ಒಬ್ಬ ಅದನ್ನು ನನ್ನ ಮುಂದೆ ಎಸೆದ. “ನಿನ್ನ ಚಿಪ್ಪು ಯಾರ ಜೇಬಲ್ಲಿದೆ ನೋಡ್ಕೊ ತಾಬಿತಾ” ಎಂದ.

ಹೊಂದಿಕೊಳ್ಳಿ ಎಂದು ನಮಗೆ ಹೇಳದವರು ಯಾರಿದ್ದಾರೆ ಮಗಾ? ನಿನ್ನ ಅಪ್ಪನ ಊರನ್ನು ಖಾಲಿ ಮಾಡಿಸಿ ಸಾರ್ಫಾರ್ಸುಕ್ಕಿಗೆ ತಂದು ಸುರಿದಾಗ ಹೊಂದಿಕೊಳ್ಳಿ ಎಂದರು. ಹನ್ನೊಂದು ವರ್ಷದ ನನ್ನನ್ನು ಒಂದು ವರ್ಷ ಯಾರದೋ ಡೇನರ ಮನೆಯಲ್ಲಿ ಇಟ್ಟು, ನನ್ನ ಮಾತನ್ನೇ ಮರೆಸಿ ಕಳಿಸಿದಾಗ ಹೊಂದಿಕೊಳ್ಳುತ್ತಾಳೆ ಎಂದರು. ಈಗ ಚಿಪ್ಪಿನ ಸರದಿ. ಒದೆಯುವವನು ಕಾಲು ಹಿಂತೆಗೆಯುವುದಿಲ್ಲ, ಒದೆಸಿಕೊಳ್ಳುವವರು ಹೊಂದಿಕೊಳ್ಳಬೇಕು!

ಆದರೆ ಅಂಕಿ ಅಂಕಿಯೇ. ಅದು ನಿಜವಾಗಿದ್ದರೆ ನಾನೇನು ಮಾಡಲಿ? ಆದ್ದರಿಂದ ಬಲೆಚೀಲ ಇಳಿಬಿಡು. ಎರಡನೆಯ ಪರೀಕ್ಷೆ ಬೇಕೇ ಬೇಕು.

ತಾಬಿತಾ

---

ಸಾರ್ಫಾರ್ಸುಕ್
14 ಸೆಪ್ಟೆಂಬರ್ 1986

ಅವ್ವಾ,

ಈ ಕಾಗದವನ್ನು ಜುಲೈಯಿಂದ ಬರೆಯುತ್ತಿದ್ದೇನೆ. ನಾಲ್ಕು ಸಲ ಒಲೆಗೆ ಹಾಕಿದೆ.

ನಿನ್ನ ಮೂರು ಪೆಟ್ಟಿಗೆಯಲ್ಲಿ ಗಣಿಕೊಲ್ಲಿಯ ಚಿಪ್ಪು ಒಂದೂ ಇರಲಿಲ್ಲ. ಎಲ್ಲವೂ ಹೊರಬಂಡೆಯವು.

ಹೇಗಾಯಿತು ಹೇಳುತ್ತೇನೆ. ಪ್ರೊಫೆಸರ್ ಹಿಂದಿನ ಸಂಜೆ ನಮ್ಮ ಮೇಜಿನಲ್ಲಿ ಹೊರಬಂಡೆಯ ಪಚ್ಚಿಲೆ ತಿಂದು ಬಟ್ಟಲಿನ ರಸ ಕುಡಿದರು. ಇಂಥದ್ದು ತಿಂದಿಲ್ಲ ಎಂದರು. ನಾಳೆ ತುಂಬುವ ಪೆಟ್ಟಿಗೆಗಳನ್ನು ಕೋಪನ್‌ಹೇಗನ್ನಿನಲ್ಲಿ ತಮ್ಮ ಹನ್ನೆರಡು ವಿದ್ಯಾರ್ಥಿಗಳ ಮುಂದೆ ತೆರೆಯುವುದಾಗಿ ಹೇಳಿದರು. ಅವರ ಮಾತನ್ನು ನೀನೇ ನಮ್ಮ ಭಾಷೆಯಲ್ಲಿ ತಿಳಿಸಿ ಹೇಳಿದೆ. ಬೆಳಿಗ್ಗೆ ಇಳಿತಕ್ಕೆ ಕೊಲ್ಲಿಗೆ ಹೋದೆ. ಒಂದು ಹಿಡಿ ಕಿತ್ತು ನೋಡಿದೆ. ಹೆಬ್ಬೆರಳ ಉಗುರಿನಷ್ಟು ಗಾತ್ರ. ಮೈಮೇಲೆ ಬೂದಿಬಣ್ಣದ ಲೋಳೆ. ಬಿಚ್ಚಿದರೆ ಒಳಗೆ ಮಾಂಸವೆಂದರೆ ಒಂದು ಚೂರು ತೊಗಲು. ಪೆಟ್ಟಿಗೆಯ ಮೇಲೆ ನೀನು ಬಣ್ಣದಲ್ಲಿ ಬರೆದಿದ್ದೆ: ತಾಬಿತಾ, ಸಾರ್ಫಾರ್ಸುಕ್. ನನ್ನ ಅವ್ವನ ಹೆಸರು, ನನ್ನ ಊರಿನ ಹೆಸರು. ಅದರೊಳಗೆ ಈ ಹಾಳುಮೂಳು ತುಂಬಿ ನೆಂಟರ ಕೈಗೆ ಕೊಡುವುದೇ? ಬೇಟೆ ಹಂಚುವಾಗ ಹೊರಗಿನವನಿಗೆ ಒಳ್ಳೆಯ ತುಂಡು ಕೊಡು ಎಂದು ನನಗೆ ಕಲಿಸಿದವಳು ನೀನೇ, ಹಿಂದಿನ ಸಲ ನನ್ನನ್ನು ಹೆತ್ತಿದ್ದಾಗ. ಸೀಸ ಎಷ್ಟಿದೆ ಎಂದು ಯಂತ್ರ ನೋಡುತ್ತದೆ ಎಂದು ನೀನು ಹೇಳಿದ್ದೆ. ಯಂತ್ರಕ್ಕಿಂತ ಮೊದಲು ಮನುಷ್ಯರು ನೋಡುತ್ತಾರೆ ಎಂದುಕೊಂಡೆ. ದೋಣಿ ತಿರುಗಿಸಿ ಹೊರಬಂಡೆಗೆ ಹೋದೆ. ಆಯ್ದು ಆಯ್ದು ದಪ್ಪನೆಯವನ್ನೇ ತುಂಬಿದೆ.

ನೋಟೀಸು ಬಂದ ದಿನವೇ ಹೇಳಬೇಕಿತ್ತು. ಮೋಟಾರಿನ ನೆಪ ಬರೆದೆ.

ಹೋದ ವಾರ ರೆಜಿನೆ ಕೊಲ್ಲಿಯ ಚಿಪ್ಪಿನ ಪಾತ್ರೆಯನ್ನು ನನ್ನ ಮುಂದಿಟ್ಟಳು. ನಾನು ಬಟ್ಟಲು ದೂರ ಸರಿಸಿದೆ.

“ಯಾಕಪ್ಪಾ ಮೂಗು ಮುರೀತೀಯ?”

“ರುಚಿ ಇಲ್ಲ ಇದು. ಹೊರಬಂಡೇದು ತಂದ್ಕೊಡ್ತೀನಿ, ಇದ್ನ ಚೆಲ್ಲು.”

“ಒಂದು ಬಟ್ಲು ಚಿಪ್ಪಿಗೆ ಅಷ್ಟು ದೂರ ಪೆಟ್ರೋಲ್ ಸುಡ್ತೀಯಾ? ನಿಮ್ಮವ್ವನೇ ಬರ್ದಿದಾಳೆ ತಿನ್ನಿ ಅಂತ. ನಿಮ್ಮವ್ವನ್ನ ಸುಳ್ಳಿ ಅಂತೀಯೇನು?” ಎಂದು ನಕ್ಕಳು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, “ನಂಗೀಗ ಇಬ್ರ ಹಸಿವು ಕಣಪ್ಪಾ” ಎಂದಳು.

ಎರಡು ತಿಂಗಳಂತೆ. ಹತ್ತು ವರ್ಷ ಕಾದ ಮೇಲೆ.

ನಾನೇನು ಮಾಡಿದೆ ಗೊತ್ತೇ? ಬಟ್ಟಲು ಹತ್ತಿರ ಎಳೆದುಕೊಂಡು ತಿಂದೆ. ಎರಡು ಬಟ್ಟಲು. ಅವಳ ಪಾಲಿಗೆ ಕಡಿಮೆಯಾಗಲಿ ಎಂದು ತಿಂದೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಬಾಯಿ ತೆರೆದು ಮಾತಾಡುವುದಕ್ಕಿಂತ ಬಾಯಿ ತುಂಬಿಕೊಳ್ಳುವುದು ಸುಲಭವಾಗಿತ್ತು.

ಈ ಹಡಗಿನಲ್ಲಿ ಒಂದು ಸಣ್ಣ ಪೆಟ್ಟಿಗೆ ಕಳಿಸುತ್ತಿದ್ದೇನೆ. ಇದು ನಿಜವಾದ ಕೊಲ್ಲಿಯ ಚಿಪ್ಪು. ಬಲೆಚೀಲಗಳನ್ನೂ ನೀನು ಹೇಳಿದಂತೆ ಇಳಿಬಿಟ್ಟಿದ್ದೇನೆ. ಏನು ಮಾಡಬೇಕು ಹೇಳು. ಬೇಗ ಹೇಳು.

ಪಾವಿಯಾ

---

ಸಾರ್ಫಾರ್ಸುಕ್
30 ನವೆಂಬರ್ 1986

ಅವ್ವಾ,

ಕೊನೆಯ ಹಡಗು ಬಂದು ಹೋಯಿತು. ನಿನ್ನ ಕಾಗದ ಬರಲಿಲ್ಲ.

ಹೊರಬಂಡೆಯ ನೀರಿನಲ್ಲಿ ಆರು ವಾರ ಇಳಿಬಿಟ್ಟಿದ್ದ ಕೊಲ್ಲಿಯ ಚಿಪ್ಪುಗಳಲ್ಲಿ ಐವತ್ತನ್ನು ಅದೇ ಹಡಗಿನಲ್ಲಿ ಕಳಿಸಿದ್ದೇನೆ. ಸಿಕ್ಕಿರಬೇಕು.

ಹಿಮ ಕಟ್ಟುವವರೆಗೂ ರೆಜಿನೆಗೆ ಹೊರಬಂಡೆಯ ಚಿಪ್ಪು ತಂದುಕೊಟ್ಟೆ. ಈಗ ದೋಣಿ ಇಳಿಯುವುದಿಲ್ಲ. ಅವಳು ಬಕೆಟ್ಟು ಹಿಡಿದು ಕೊಲ್ಲಿಗೆ ಹೋಗುತ್ತಾಳೆ. ಬೇಡ ಎಂದರೆ ಮುದುಕನ ಗೊಣಗಾಟ ಎನ್ನುತ್ತಾಳೆ. ಕಾರಣ ಹೇಳೋಣವೆಂದರೆ, ನಿನ್ನ ಮಾತಿಲ್ಲದೆ ನಿನ್ನ ಹೆಸರಿರುವ ಕಾಗದವನ್ನು ಸುಳ್ಳೆಂದು ಹೇಗೆ ಹೇಳಲಿ? ನೀನು ಬೈದು ಬರೆ. ಖಾಲಿ ಕಾಗದವನ್ನಾದರೂ ಕಳಿಸು.

ಪಾವಿಯಾ

---

ಕೋಪನ್‌ಹೇಗನ್
11 ಜನವರಿ 1987

ಮಗಾ,

ನಿನ್ನ ಕಾಗದ ಅಕ್ಟೋಬರಿನಲ್ಲೇ ಸಿಕ್ಕಿತು. ಮೊದಲ ವಾರ ಸಿಟ್ಟು. ನಿನ್ನ ಮರ್ಯಾದೆಗೆ ಬೆಂಕಿ ಬೀಳಲಿ ಎಂದು ಬರೆದು, ಹರಿದೆ. ಆಮೇಲಿನ ಮೂರು ತಿಂಗಳು ಸಿಟ್ಟಿರಲಿಲ್ಲ. ಬೇರೆ ಏನೋ ಇತ್ತು. ಅದನ್ನು ಇವತ್ತು ಬರೆಯುತ್ತೇನೆ.

ನನಗೆ ಗೊತ್ತಿತ್ತು.

ಪೆಟ್ಟಿಗೆ ತೆರೆದ ದಿನವೇ ಗೊತ್ತಾಯಿತು. ಹೊರಬಂಡೆಯಲ್ಲಿ ಅಲೆ ಬಡಿಯುವ ಕಡೆ ಚಿಪ್ಪಿನ ಬೆನ್ನಿಗೆ ತಿಳಿಗೆಂಪು ಸುಣ್ಣದಂಥ ಪಾಚಿ ಕಟ್ಟುತ್ತದಲ್ಲ? ಏಳು ವರ್ಷದವಳಿದ್ದಾಗ ಅದನ್ನು ಉಗುರಿನಿಂದ ಕೆರೆದು ತುಟಿಗೆ ಹಚ್ಚಿಕೊಂಡು ರೆಜಿನೆಯ ಕೈಲಿ ಬೈಸಿಕೊಂಡವಳು ನಾನು. ಗಣಿಕೊಲ್ಲಿಯಲ್ಲಿ ಆ ಪಾಚಿ ಹುಟ್ಟುವುದಿಲ್ಲ. ಪ್ರೊಫೆಸರಿಗೆ ಗೊತ್ತಿಲ್ಲ, ಆ ಹನ್ನೆರಡು ಜನರಿಗೂ ಗೊತ್ತಿಲ್ಲ. ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ತೂಕಕ್ಕೆ ಮೊದಲು ಚಿಪ್ಪನ್ನು ಚೊಕ್ಕಟ ಮಾಡಬೇಕು, ಅದು ಪದ್ಧತಿ. ಚಾಕು ತೆಗೆದುಕೊಂಡು ಕೆರೆದೆ. ಒಂದೊಂದನ್ನೂ ಕೆರೆದೆ. ಎಲ್ಲೋ ಒಂದು ಬಂಡೆಗೆ ಬಂದಿರಬಹುದು, ಕೊಲ್ಲಿಯ ಬಾಯಲ್ಲಿ ಬಂದಿರಬಹುದು ಎಂದು ಹೇಳಿಕೊಳ್ಳುತ್ತ ಕೆರೆದೆ. ಸಂಜೆಯ ಹೊತ್ತಿಗೆ ನನ್ನ ಮೇಜು ತಿಳಿಗೆಂಪಾಗಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ.

ನೀನು ನೆಂಟರ ಮುಂದೆ ನಾಚಿ ಮಾಡಿದೆ. ನಾನು ಕರಿಹಲಗೆಯ ಮೇಲೆ ಹೆಸರು ಬರಲಿ ಎಂದು ಮಾಡಿದೆ. ಸಭೆಗಳಲ್ಲಿ ಮುಷ್ಟಿ ಎತ್ತುವವಳು, ಕಂಪನಿಗೆ ಧಿಕ್ಕಾರ ಕೂಗುವವಳು, ಕಂಪನಿಗೆ ಬೇಕಾದ ಕಾಗದವನ್ನು ನನ್ನ ಕೈಯಿಂದಲೇ ಬರೆದುಕೊಟ್ಟೆ.

ನೀನು ಕಳಿಸಿದ ನಿಜವಾದ ಚಿಪ್ಪುಗಳನ್ನು ಪರೀಕ್ಷಿಸಿದೆ. ಹೊರಬಂಡೆಯ ನೂರು ಚಿಪ್ಪಿನ ಸೀಸ ಕೊಲ್ಲಿಯ ಒಂದೇ ಚಿಪ್ಪಿನಲ್ಲಿದೆ. ಆದರೂ ಅದು ಸತ್ತಿಲ್ಲ. ವಿಷ ದಟ್ಟವಾದಾಗ ಬಾಯಿ ಮುಚ್ಚುತ್ತದೆ. ಮುಚ್ಚಿದಷ್ಟು ಹೊತ್ತು ಉಪವಾಸ. ಅದಕ್ಕೇ ಉಗುರಿನಷ್ಟು ಗಾತ್ರ. ಒಳಗೆ ಹೋದ ಲೋಹವನ್ನು ಸಣ್ಣ ಸಣ್ಣ ಕಾಳಾಗಿ ಕಟ್ಟಿ ಮೂತ್ರಪಿಂಡದಲ್ಲಿ ಕೂಡಿಡುತ್ತದೆ, ಅಲ್ಲಿ ಕೂತರೆ ಅದಕ್ಕೆ ಅಪಾಯ ಕಡಿಮೆ. ಶುದ್ಧ ನೀರಿನಲ್ಲಿ ಆರು ವಾರ ಇಟ್ಟರೂ ಸೀಸ ಕಡಿಮೆಯಾಗಿಲ್ಲ. ಇದೂ ಹೊಂದಿಕೆಯೇ ಮಗಾ. ಚಿಪ್ಪು ಬದುಕುತ್ತದೆ, ತಿಂದವರಿಗೆ ದಾಟಿಸುತ್ತದೆ. ಈ ಹೊಂದಿಕೆಯನ್ನು ಯಾವ ಕಂಪನಿಯೂ ಹೊಳೆಯುವ ಕಾಗದದಲ್ಲಿ ಅಚ್ಚು ಹಾಕುವುದಿಲ್ಲ.

ಪ್ರೊಫೆಸರಿಗೆ ಹೇಳಿದೆ. ಬೆವರಿದರು, ಕನ್ನಡಕ ಒರೆಸಿದರು. “ಮುಂದಿನ ವರದೀಲಿ ಒಂದು ಅಡಿಟಿಪ್ಪಣಿ ಹಾಕೋಣ ತಾಬಿತಾ. ಈಗಲೇ ಗಲಾಟೆ ಯಾಕೆ?” ಎಂದರು. “ನಮ್ಮಕ್ಕನ ಹೊಟ್ಟೇಲಿರೋದು ನಿಮ್ಮ ಅಡಿಟಿಪ್ಪಣೀನಾ?” ಎಂದು ಕೇಳಿ ಬಾಗಿಲು ಬಡಿದು ಬಂದೆ. ವಿದ್ಯಾರ್ಥಿವೇತನ ಹೋಗುತ್ತದೆ, ಹೋಗಲಿ. ಬಾಗಿಲು ಬಡಿಯುವ ಈ ಶೌರ್ಯ ಅಕ್ಟೋಬರಿನಲ್ಲಿ ಎಲ್ಲಿತ್ತು ಎಂದು ಮಾತ್ರ ಕೇಳಬೇಡ. ನಾನೇ ಕೇಳಿಕೊಳ್ಳುತ್ತಿದ್ದೇನೆ.

ಜೊತೆಗೆ ಇನ್ನೊಂದು ಕಾಗದವಿದೆ. ಊರಿನವರಿಗೆ ಬರೆದದ್ದು. ಅಂಗಡಿಯ ಮುಂದೆ ನಿಂತು ಗಟ್ಟಿಯಾಗಿ ಓದು. ಒಂದು ಸಾಲೂ ಬಿಡಬೇಡ. ಹೆಲಿಕಾಪ್ಟರ್ ಬರುವವರೆಗೆ ಕಾಯದೆ ರೇಡಿಯೋದಲ್ಲಿ ಹೇಳಿಸಬಹುದಿತ್ತು. ಅದಕ್ಕೂ ನಾಚಿದೆ.

ತಾಬಿತಾ

---

ಸಾರ್ಫಾರ್ಸುಕ್
3 ಮಾರ್ಚ್ 1987

ಅವ್ವಾ,

ಬಿರುಗಾಳಿಯಿಂದ ಹೆಲಿಕಾಪ್ಟರ್ ಐದು ವಾರ ಬರಲಿಲ್ಲ. ನಿನ್ನೆ ಬಂತು. ನಿನ್ನೆಯೇ ಓದಿದೆ.

ಅಂಗಡಿಯ ಮುಂದೆ ಮೂವತ್ತು ಜನ. ‘ಕೊಲ್ಲಿಯ ಚಿಪ್ಪು ತಿನ್ನಬೇಡಿ, ಇವತ್ತಿನಿಂದಲೇ ಬೇಡ’ ಎಂಬುದನ್ನು ಎರಡು ಸಲ ಓದಿದೆ. ನನ್ನ ತಪ್ಪನ್ನು ನೀನು ಮೆತ್ತಗೆ ಬರೆದಿದ್ದೆ, ನಾನು ಗಟ್ಟಿಯಾಗಿ ಹೇಳಿದೆ. ‘ನನಗೆ ಗೊತ್ತಿತ್ತು’ ಎಂಬ ಸಾಲು ಬಂದಾಗ ಅದನ್ನು ದಾಟಿ ಮುಂದಕ್ಕೆ ಹೋಗೋಣ ಎನಿಸಿತು. ಯಾರಿಗೂ ತಿಳಿಯುತ್ತಿರಲಿಲ್ಲ. ಎಲ್ಲ ಪಾಪ ನನ್ನ ಮೇಲೇ ನಿಲ್ಲುತ್ತಿತ್ತು. ಮಗನಾದವನು ಅವ್ವನಿಗೆ ಅಷ್ಟಾದರೂ ಮಾಡಬೇಡವೇ? ನನ್ನೆದುರಿಗೇ ರೆಜಿನೆ ಬಕೆಟ್ಟು ಹಿಡಿದು ನಿಂತಿದ್ದಳು. ಬಕೆಟ್ಟಿನಲ್ಲಿ ಚಿಪ್ಪಿತ್ತು. ಓದಿಬಿಟ್ಟೆ.

ಆಮೇಲೆ ಬಿರ್ಗಿತೆ ಮುದುಕಿ, “ಅಲ್ಲ ಪಾವಿಯಾ, ನಾನಾಗಿದ್ರೂ ಆ ಹೊಲಸು ಚಿಪ್ನ ನೆಂಟ್ರಿಗೆ ಕೊಡ್ತಿರ್ಲಿಲ್ಲ ಬಿಡು” ಎಂದಳು. ಎಲ್ಲರೂ ಹೌದು ಹೌದೆಂದು ತಲೆಯಾಡಿಸಿದರು. ಒಬ್ಬ ನನ್ನ ಭುಜ ತಟ್ಟಿದ. ಉಗಿದಿದ್ದರೆ ನೇರ ನಿಲ್ಲುತ್ತಿದ್ದೆ. ಭುಜ ತಟ್ಟಿದಾಗ ತಲೆ ತಗ್ಗಿಸಿದೆ.

ಅಳಿಯ ಝಾಕೆಯಸ್ ಗಣಿಯ ಕೆಲಸದ ಅಂಗಿಯಲ್ಲೇ ಬಂದಿದ್ದ. “ಮಾವಾ, ಗಣಿ ಮುಚ್ಚಿದ್ರೆ ನನ್ನ ಸಂಬಳಾನ ಹೊರಬಂಡೇಲಿ ಆಯ್ಕೊಂಡ್ ಬರ್ತೀಯಾ?” ಎಂದ. ರೆಜಿನೆ ಅವನ ಕಡೆ ತಿರುಗಿದಳು. “ಬಾಯ್ಮುಚ್ಚು. ಗಣಿ ಮುಚ್ಚು ಅಂತ ಅಪ್ಪ ಅಂದ್ನಾ? ಕಸ ಬೇರೆ ಕಡೆ ಹಾಕ್ರಿ ಅಂದ್ರೆ ನಿಮ್ ಸಾಹೇಬ್ರ ಕೈ ಬಿದ್ದೋಗುತ್ತಾ?” ಎಂದಳು.

ಅವಳು ಬಕೆಟ್ಟನ್ನು ನನ್ನ ಕಾಲಬಳಿ ಇಟ್ಟು ಮನೆಗೆ ಹೋದಳು. ಎಂಟನೆಯ ತಿಂಗಳು ಅವಳಿಗೆ. ಜಾರುವ ಹಿಮದ ಮೇಲೆ ನಿಧಾನವಾಗಿ ಕಾಲಿಟ್ಟು ಹೋದಳು. ಕೈ ಹಿಡಿಯಲು ಹಿಂದೆ ಓಡಿದೆ. ಹಿಡಿಯಗೊಡಲಿಲ್ಲ.

ಪಾವಿಯಾ

---

ಸಾರ್ಫಾರ್ಸುಕ್
21 ಜೂನ್ 1987

ತಾಬಿತಾ,

ಇವತ್ತು ನಿನ್ನನ್ನು ಅಜ್ಜಿ ಎನ್ನುವುದಿಲ್ಲ. ಅಜ್ಜಿಯನ್ನು ಬೈಯಲಾಗುವುದಿಲ್ಲ, ತಂಗಿಯನ್ನು ಬೈಯಬಹುದು.

ಏಪ್ರಿಲ್ 29ಕ್ಕೆ ಪಟ್ಟಣದ ಆಸ್ಪತ್ರೆಯಲ್ಲಿ ಹೆಣ್ಣು ಮಗು ಆಯಿತು. ಝಾಕೆಯಸ್‌ನ ಅವ್ವನ ಹೆಸರು, ಅಮಾಲಿಯಾ. ಸಣ್ಣದು, ಆದರೆ ಗಂಟಲು ದೊಡ್ಡದು. ರಕ್ತ ತೆಗೆದು ನೋಡಿದರು. ಸೀಸ ಇದೆ. ಇಷ್ಟಿದ್ದರೆ ಏನಾಗುತ್ತದೆ ಎಂದು ಕೇಳಿದೆ. ಡಾಕ್ಟರು ಕಿಟಕಿಯ ಕಡೆ ನೋಡುತ್ತ, ನಡೆಯುವಾಗ, ಮಾತು ಕಲಿಯುವಾಗ ತಿಳಿಯಬಹುದು ಎಂದರು. ಏನೂ ಆಗದೆಯೂ ಇರಬಹುದಂತೆ. ಈಗ ದಿನಾ ಅವಳ ಕೈಕಾಲು ಆಡಿಸಿ ನೋಡುವುದೇ ನನ್ನ ಕೆಲಸ. ಬೇರೆ ತಾಯಂದಿರು ಮಗುವನ್ನು ಮುದ್ದಿಗೆ ನೋಡುತ್ತಾರೆ. ನಾನು ಪರೀಕ್ಷೆಗೆ ನೋಡುತ್ತೇನೆ.

ಅಪ್ಪ ಪ್ರತಿ ಇಳಿತಕ್ಕೂ ಹೊರಬಂಡೆಗೆ ಹೋಗಿ ಚಿಪ್ಪು ತಂದು ಬಾಗಿಲಲ್ಲಿಟ್ಟು, ಒಳಗೆ ಬರದೆ ಹೋಗುತ್ತಾನೆ. ತಿನ್ನುತ್ತೇನೆ. ಹಸಿವಿಗೆ ಮಾನವಿಲ್ಲ. ಆದರೆ ಒಂದು ಮಾತು ಅವನಿಗೂ ಹೇಳಿದೆ, ನಿನಗೂ ಹೇಳುತ್ತೇನೆ. ಅವನು ಪ್ರೊಫೆಸರರ ಮುಂದೆ ನಾಚಿದ. ನೀನು ತರಗತಿಯ ಮುಂದೆ ನಾಚಿದೆ. ಆಮೇಲೆ ಇಬ್ಬರೂ ಒಬ್ಬರ ಮುಂದೆ ಒಬ್ಬರು ನಾಚಿಕೊಂಡು ಕೂತಿರಿ. ಸೆಪ್ಟೆಂಬರಿನಿಂದ ಮಾರ್ಚಿನವರೆಗೆ. ಆ ಆರು ತಿಂಗಳು ಬಕೆಟ್ಟು ಹೊತ್ತವಳು ನಾನು. ನನ್ನ ಮುಂದೆ ಮಾತ್ರ ಯಾಕೆ ಯಾರಿಗೂ ನಾಚಿಕೆಯಾಗಲಿಲ್ಲ? ಮನೆಯವಳು, ಏನು ಇಕ್ಕಿದರೂ ತಿನ್ನುತ್ತಾಳೆ ಎಂದಲ್ಲವೇ? ಗಣಿಯವರೂ ನಮ್ಮ ಬಗ್ಗೆ ಅಂದುಕೊಂಡಿರುವುದು ಇಷ್ಟೇ.

ನೋಟೀಸನ್ನು ನಾನೇ ಕಿತ್ತೆ. ಹೊಸದು ಅಂಟಿಸಿದರು. ಅದನ್ನೂ ಕಿತ್ತೆ. ಮೂರನೆಯ ಸಲ ಅಂಟಿಸಲು ಬಂದವನಿಗೆ ಬಿರ್ಗಿತೆ ಮುದುಕಿ ಅಡ್ಡ ಕೂತಳು.

ಪರವಾನಗಿಯ ವಿಚಾರಣೆ ಆಗಸ್ಟ್ 9ಕ್ಕೆ, ಪಟ್ಟಣದ ಸಭಾಭವನದಲ್ಲಿ. ಕಂಪನಿಯವರು ಹಳೆಯ ಪುಸ್ತಿಕೆಯನ್ನೇ ತರುತ್ತಾರಂತೆ. ನಿನ್ನ ಪ್ರೊಫೆಸರ್ ಬರುವುದಿಲ್ಲವಂತೆ. ನಮ್ಮಿಂದ ಹನ್ನೊಂದು ಹೆಂಗಸರು ಹೋಗುತ್ತೇವೆ. ನಮಗೆ ಹೇಳುವುದು ಗೊತ್ತು, ಅಂಕಿ ಗೊತ್ತಿಲ್ಲ, ಅವರ ಭಾಷೆ ಬಾಯಿಗೆ ಬರುವುದಿಲ್ಲ. ನಿನಗೆ ಎರಡೂ ಬರುತ್ತದೆ.

ಮೊದಲ ಹಡಗಿಗೆ ಬಾ. ಕ್ಷಮೆ ಕೇಳುವ ಕಾಗದ ಬರೆಯಬೇಡ, ಬಾ. ನಿನ್ನನ್ನು ತಬ್ಬಿಕೊಳ್ಳುತ್ತೇನೆ ಎಂದುಕೊಳ್ಳಬೇಡ. ನಿನ್ನ ಪಕ್ಕದಲ್ಲೂ ಕೂರುವುದಿಲ್ಲ, ಎದುರಿಗೆ ಕೂರುತ್ತೇನೆ. ತೊಡೆಯ ಮೇಲೆ ಅಮಾಲಿಯಾ ಇರುತ್ತಾಳೆ. ಅಂಕಿ ಹೇಳುವಾಗ ಸಾಹೇಬರ ಮುಖ ನೋಡಬೇಡ. ಇವಳ ಮುಖ ನೋಡಿಕೊಂಡು ಹೇಳು.

ರೆಜಿನೆ